ಸಣ್ಣ ಬೂಸ್ಟ್‌ನ ಟರ್ಬೊ ಎಂಜಿನ್‌ಗೆ ಬ್ರೀದರ್ ವ್ಯವಸ್ಥೆ: ನೀರಿನ ಪೈಪಿನಲ್ಲಿ ಅಳೆದು ಮಾಡುವ ವಿಧಾನ

ಎಂಜಿನ್‌ಗೆ ಹೆಚ್ಚು ಗಾಳಿ ತುರುಕುವ ಟರ್ಬೊ ಕೂರಿಸಿದ ಮೂರನೇ ವಾರ ನನ್ನ ಜಿಪ್ಸಿಯ ಸೈಲೆನ್ಸರ್‌ನಲ್ಲಿ ನೀಲಿ ಹೊಗೆ ಕಾಣಿಸಿತು. ಏರು ಹತ್ತಿ ಆಕ್ಸಲರೇಟರ್ ಬಿಟ್ಟ ಕೂಡಲೇ ಹಿಂದೆ ಒಂದು ಮೋಡ ಏಳುತ್ತಿತ್ತು. ಟರ್ಬೊ ಸೀಲ್ ಹೋಗಿದೆ ಎಂದು ಗ್ಯಾರೇಜಿನಲ್ಲಿ ಹೇಳಿದರು. ಇಳಿಸಿದೆವು, ಸೀಲ್ ಬದಲಿಸಿದೆವು, ಮತ್ತೆ ಕೂರಿಸಿದೆವು. ಮೆತ್ತಗೆ ಓಡಿಸುವವರೆಗೂ ಚೆನ್ನಾಗಿತ್ತು. ಪೂರ್ತಿ ಬೂಸ್ಟ್ (ಟರ್ಬೊ ತುರುಕುವ ಗಾಳಿಯ ಒತ್ತಡ) ಕೊಟ್ಟ ದಿನ ಮತ್ತೆ ಅದೇ ಹೊಗೆ. ಆ ಸಲ ಬಾನೆಟ್ ಎತ್ತಿದಾಗ ಆಯಿಲ್ ಮಟ್ಟ ನೋಡುವ ಡಿಪ್‌ಸ್ಟಿಕ್ ತನ್ನ ಕೊಳವೆಯಿಂದ ಒಂದು ಬೆರಳಿನಷ್ಟು ಮೇಲೆದ್ದು ನಿಂತಿತ್ತು. ಅದನ್ನು ಯಾರೂ ಮುಟ್ಟಿರಲಿಲ್ಲ. ಎಂಜಿನ್ನಿನ ಹೊಟ್ಟೆಯೊಳಗಿನ ಒತ್ತಡವೇ ಅದನ್ನು ಹೊರಗೆ ತಳ್ಳಿತ್ತು.

ಟರ್ಬೊದಲ್ಲಿ ದೋಷವೇ ಇರಲಿಲ್ಲ. ಕ್ರ್ಯಾಂಕ್‌ಕೇಸ್‌ನ, ಅಂದರೆ ಎಂಜಿನ್ನಿನ ಆ ಹೊಟ್ಟೆಯ ಗಾಳಿಗೆ ಹೊರಹೋಗುವ ದಾರಿ (ಬ್ರೀದರ್) ಸಾಲುತ್ತಿರಲಿಲ್ಲ, ಅಷ್ಟೆ. ಸಾವಿರಾರು ರೂಪಾಯಿ ಖರ್ಚಾದ ಮೇಲೆ ಇದು ಗೊತ್ತಾಯಿತು. ನಿಮಗೆ ಹಾಗಾಗಬಾರದು ಎಂದೇ ಇಷ್ಟು ವಿವರವಾಗಿ ಬರೆಯುತ್ತಿದ್ದೇನೆ.

ಇಲ್ಲಿ ಹೇಳುವುದು ಮೊದಲು ಟರ್ಬೊ ಇಲ್ಲದೆ ಬಂದು, ಆಮೇಲೆ 0.3ರಿಂದ 0.5 ಬಾರ್ ಬೂಸ್ಟ್‌ಗೆ ಸಜ್ಜಾದ ಪೆಟ್ರೋಲ್ ಎಂಜಿನ್ ಬಗ್ಗೆ. ನನ್ನದು ಜಿಪ್ಸಿ ಕಿಂಗ್‌ನ 1,298 ಸಿಸಿ, 16 ವಾಲ್ವ್‌ನ ಜಿ13ಬಿಬಿ. ಬೇರೆ ಎಂಜಿನ್‌ಗೂ ತತ್ವ ಇದೇ. ಕಂಪನಿಯಿಂದಲೇ ಟರ್ಬೊ ಬಂದ ಕಾರಿದ್ದರೆ ಅದರಲ್ಲಿ ಆಯಿಲ್ ಬೇರ್ಪಡಿಸುವ ಭಾಗ ಮತ್ತು ಒಮ್ಮುಖ ವಾಲ್ವ್ ಮೊದಲೇ ಇರುತ್ತವೆ. ಅದನ್ನು ಕೆದಕಬೇಡಿ, ಸರಿಯಾಗಿ ಕೆಲಸ ಮಾಡುತ್ತಿದೆಯೇ ಎಂದು ನೋಡಿದರೆ ಸಾಕು.

ಇನ್ನೊಂದು ಮಾತು. ನೋಂದಣಿಯಾದ ಗಾಡಿಯನ್ನು ಕಂಪನಿ ಕೊಟ್ಟ ವಿವರಕ್ಕಿಂತ ಬೇರೆಯಾಗುವಂತೆ ಬದಲಿಸಬಾರದು ಎಂದು 1988ರ ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಹೇಳುತ್ತದೆ. ಹಾಗಾಗಿ ಇದು ಟ್ರ್ಯಾಕ್, ಆಟೋಕ್ರಾಸ್, ಸ್ವಂತ ಎಸ್ಟೇಟಿನೊಳಗೆ ಓಡುವ ಗಾಡಿಗಳ ಕೆಲಸ ಎಂದು ತಿಳಿಯಿರಿ.

ಒಳಗೆ ಆಗುವುದೇನು?

ಪಿಸ್ಟನ್ ರಿಂಗು ಎಷ್ಟೇ ಚೆನ್ನಾಗಿದ್ದರೂ ಉರಿದ ಗಾಳಿಯಲ್ಲಿ ಸ್ವಲ್ಪ ಪಾಲು ಅದರ ಪಕ್ಕದಿಂದ ಜಾರಿ ಕೆಳಗಿಳಿಯುತ್ತದೆ. ಇದಕ್ಕೆ ಬ್ಲೋ-ಬೈ ಎನ್ನುತ್ತಾರೆ. ಅದರಲ್ಲಿ ಉರಿಯದ ಪೆಟ್ರೋಲ್ ಇದೆ, ನೀರಿನ ಆವಿ ಇದೆ, ಆಮ್ಲವಾಗುವ ಅನಿಲಗಳಿವೆ. ಒಳಗೇ ಉಳಿದರೆ ಆಯಿಲ್ ಕೆಟ್ಟು ಕೆಸರಾಗುತ್ತದೆ.

ಲೆಕ್ಕ ಹಾಕಿ ನೋಡೋಣ. 1.3 ಲೀಟರ್‌ನ ಫೋರ್ ಸ್ಟ್ರೋಕ್ ಎಂಜಿನ್ 6,000 ಆರ್‌ಪಿಎಂನಲ್ಲಿ ನಿಮಿಷಕ್ಕೆ ಸುಮಾರು 3,900 ಲೀಟರ್ ಗಾಳಿ ಎಳೆದುಕೊಳ್ಳಬಲ್ಲದು. ಅದರಲ್ಲಿ ನೂರಕ್ಕೆ ಒಂದು ಪಾಲು ಸೋರಿದರೂ ನಿಮಿಷಕ್ಕೆ 39 ಲೀಟರ್ ಆಯಿತು. 0.4 ಬಾರ್ ಬೂಸ್ಟ್ ಕೊಟ್ಟರೆ ಸಿಲಿಂಡರ್ ಒಳಗಿನ ಒತ್ತಡವೂ ಏರುತ್ತದೆ, ಸೋರುವುದೂ ಏರುತ್ತದೆ. ಹಳೇ ರಿಂಗಿದ್ದರೆ ಇನ್ನೂ ಜಾಸ್ತಿ. ಇಷ್ಟು ಗಾಳಿ ಪ್ರತಿ ನಿಮಿಷ ಎಲ್ಲಿಗಾದರೂ ಹೋಗಲೇಬೇಕು ಅಲ್ವಾ?

ಹಿಂದೆಲ್ಲ ಒಂದು ಕೊಳವೆಯಿಂದ ಅದನ್ನು ಸೀದಾ ರಸ್ತೆಗೆ ಬಿಡುತ್ತಿದ್ದರು. ಹೊಗೆಮಂಜಿನಿಂದ ನರಳುತ್ತಿದ್ದ ಕ್ಯಾಲಿಫೋರ್ನಿಯಾ 1961ರಲ್ಲಿ ಇದನ್ನು ನಿಲ್ಲಿಸಲು ಆದೇಶ ಮಾಡಿತು. ಅಲ್ಲಿಂದ ಪಿಸಿವಿ ವಾಲ್ವ್ ಎಲ್ಲ ಕಾರಿಗೂ ಬಂತು. ಸಿಲಿಂಡರ್‌ಗಳಿಗೆ ಗಾಳಿ ಹಂಚುವ ಇನ್‌ಟೇಕ್ ಮ್ಯಾನಿಫೋಲ್ಡ್‌ನ ಎಳೆತದಿಂದಲೇ ಕ್ರ್ಯಾಂಕ್‌ಕೇಸ್‌ನ ಗಾಳಿಯನ್ನು ಎಳೆದು ಮತ್ತೆ ಉರಿಸುವುದು ಅದರ ಕೆಲಸ. ಇನ್ನೊಂದು ಬದಿಯಲ್ಲಿ ಎಂಜಿನ್ನಿನ ಮೇಲಿನ ಮುಚ್ಚಳವಾದ ಟ್ಯಾಪೆಟ್ ಕವರ್‌ನಿಂದ ಏರ್ ಫಿಲ್ಟರ್ ಪೈಪಿಗೆ ಹೋಗುವ ಬ್ರೀದರ್ ಹೋಸಿನ ಮೂಲಕ ಹೊಸ ಗಾಳಿ ಒಳಗೆ ಬರುತ್ತದೆ. ಕಿಟಕಿಯಿಂದ ಗಾಳಿ ಬಂದು ಹಿತ್ತಿಲ ಬಾಗಿಲಿನಿಂದ ಹೋದ ಹಾಗೆ.

ಟರ್ಬೊ ಬಂದ ಮೇಲೆ ಈ ಲೆಕ್ಕ ತಲೆಕೆಳಗಾಗುತ್ತದೆ. ಬೂಸ್ಟ್ ಏರಿದಾಗ ಮ್ಯಾನಿಫೋಲ್ಡ್‌ನಲ್ಲಿ ಎಳೆತವಿಲ್ಲ, ತಳ್ಳುವ ಒತ್ತಡವಿದೆ. ಪಿಸಿವಿ ವಾಲ್ವ್ ಸರಿಯಾಗಿ ಮುಚ್ಚದಿದ್ದರೆ ಬೂಸ್ಟ್ ಗಾಳಿಯೇ ಕ್ರ್ಯಾಂಕ್‌ಕೇಸ್‌ಗೆ ನುಗ್ಗುತ್ತದೆ. ಮುಚ್ಚಿದರೂ ಅಷ್ಟೂ ಬ್ಲೋ-ಬೈ ಆ ಒಂದು ಬ್ರೀದರ್ ಹೋಸಿನಿಂದ ಉಲ್ಟಾ ಹೊರಗೆ ಹರಿಯಬೇಕು. ಆ ಹೋಸು ಇಷ್ಟು ಗಾಳಿಗೆಂದು ಮಾಡಿದ್ದಲ್ಲ.

ಇದರ ಮೊದಲ ಪೆಟ್ಟು ಬೀಳುವುದು ಟರ್ಬೊ ಆಯಿಲ್ ವಾಪಸ್ ಬರುವ ಪೈಪಿಗೆ. ಟರ್ಬೊದೊಳಗೆ ಕ್ರ್ಯಾಂಕ್ ಸೀಲಿನಂಥ ರಬ್ಬರ್ ಸೀಲ್ ಇರುವುದಿಲ್ಲ. ಪಿಸ್ಟನ್ ರಿಂಗಿನಂಥ ಸಣ್ಣ ಲೋಹದ ಉಂಗುರಗಳಿವೆ. ಆಯಿಲ್ ತನ್ನ ಭಾರದಿಂದಲೇ ಕೆಳಗಿಳಿದು ಹೋದರೆ ಮಾತ್ರ ಅವು ಆಯಿಲನ್ನು ತಡೆಯಬಲ್ಲವು. ಕ್ರ್ಯಾಂಕ್‌ಕೇಸ್‌ನಲ್ಲಿ 100 ಮಿ.ಮೀ. ಎತ್ತರದ ನೀರಿನಷ್ಟು ಒತ್ತಡ ಇದ್ದರೆ, ಅದು ಡ್ರೈನ್ ಪೈಪಿನಲ್ಲಿ ಸುಮಾರು 115 ಮಿ.ಮೀ. ಎತ್ತರದ ಆಯಿಲನ್ನು ಎತ್ತಿ ಹಿಡಿಯಬಲ್ಲದು, ಯಾಕೆಂದರೆ ಆಯಿಲ್ ನೀರಿಗಿಂತ ಹಗುರ. ಸಣ್ಣ ಎಂಜಿನ್ ಕೋಣೆಯಲ್ಲಿ ಟರ್ಬೊ ಮತ್ತು ಕೆಳಗೆ ಆಯಿಲ್ ನಿಲ್ಲುವ ಚೇಂಬರ್ ನಡುವೆ ಸಿಗುವ ಎತ್ತರವೇ ಅಂಗೈ ಅಗಲದಷ್ಟು. ಡ್ರೈನ್ ಕಟ್ಟಿದ ಆಯಿಲ್ ಬೇರಿಂಗ್ ಮನೆಯಲ್ಲಿ ತುಂಬಿ, ಉಂಗುರ ದಾಟಿ ಟರ್ಬೈನ್ ಕಡೆ ಸೋರಿ ಹೊಗೆಯಾಗುತ್ತದೆ. ನನ್ನ ಗಾಡಿಯಲ್ಲಿ ಆಗಿದ್ದು ಇದೇ.

ಆದ್ದರಿಂದ ಈ ಕೆಲಸದಲ್ಲಿ ನಾನು ನಂಬುವುದು ನೀರಿನ ಮಿ.ಮೀ. ಲೆಕ್ಕವನ್ನು. ಥಳಥಳ ಹೊಳೆಯುವ ಕ್ಯಾಚ್ ಕ್ಯಾನ್ (ಆಯಿಲ್ ಹನಿ ಹಿಡಿಯುವ ಡಬ್ಬಿ) ಕೊಂಡು ಜೋಡಿಸಿದರೆ ಕೆಲಸ ಮುಗಿಯಿತು ಎಂದು ತುಂಬ ಜನ ಅಂದುಕೊಳ್ಳುತ್ತಾರೆ. ಡಬ್ಬಿಗಿಂತ ಗಾಳಿ ಹೋಗುವ ದಾರಿ ಮುಖ್ಯ, ದಾರಿ ಸಾಕೋ ಸಾಲದೋ ಎಂದು ಅಳತೆಯೇ ಹೇಳಬೇಕು.

ಹಂತ 1: ಎಂಜಿನ್ ಆರೋಗ್ಯ ನೋಡಿ

ಸವೆದ ರಿಂಗಿಗೆ ಬ್ರೀದರ್ ಮದ್ದಲ್ಲ. ಮೊದಲು ಎಂಜಿನ್ ಬಿಸಿಯಾಗಿರುವಾಗ, ಸಿಲಿಂಡರ್ ಎಷ್ಟು ಒತ್ತಡ ಕಟ್ಟುತ್ತದೆ ಎಂದು ಅಳೆಯುವ ಕಂಪ್ರೆಷನ್ ಟೆಸ್ಟ್ ಮಾಡಿಸಿ. ನಾಲ್ಕೂ ಸಿಲಿಂಡರ್ ನಡುವಿನ ವ್ಯತ್ಯಾಸ ಶೇ. 10ರೊಳಗೆ ಇರಲಿ. ಬೆಂಗಳೂರು ಸಮುದ್ರಮಟ್ಟದಿಂದ ಸುಮಾರು 920 ಮೀಟರ್ ಎತ್ತರದಲ್ಲಿದೆ. ಇಲ್ಲಿ ಗಾಳಿಯ ಒತ್ತಡವೇ ಕಡಲ ತೀರಕ್ಕಿಂತ ಸುಮಾರು ಶೇ. 10 ಕಡಿಮೆ. ಕೈಪಿಡಿಯ ಅಂಕಿಗಿಂತ ಅಷ್ಟು ಕಡಿಮೆ ಬಂದರೆ ಗಾಬರಿ ಬೇಡ. ಮಂಗಳೂರಲ್ಲಿ ಅಷ್ಟು ಕಡಿಮೆ ಬಂದರೆ ಯೋಚಿಸಿ.

ಸಿಲಿಂಡರ್‌ಗೆ ಗಾಳಿ ತುಂಬಿ ಎಷ್ಟು ಸೋರುತ್ತದೆ ಎಂದು ನೋಡುವ ಲೀಕ್-ಡೌನ್ ಟೆಸ್ಟ್ ಮಾಡುವವರು ಸಿಕ್ಕರೆ ಇನ್ನೂ ಒಳ್ಳೆಯದು. ಶೇ. 10ರ ಒಳಗೆ ಸೋರಿದರೆ ಎಂಜಿನ್ ಚೆನ್ನಾಗಿದೆ. 20 ದಾಟಿ, ಆಯಿಲ್ ಹಾಕುವ ಬಾಯಿಯಲ್ಲಿ ಸುಯ್ ಸದ್ದು ಕೇಳಿದರೆ ಮೊದಲು ರಿಂಗ್ ಕೆಲಸ, ಆಮೇಲೆ ಬೂಸ್ಟ್.

ಆಯಿಲ್ ಮಟ್ಟವನ್ನೂ ನೋಡಿಕೊಳ್ಳಿ. ಮೇಲಿನ ಗೆರೆ ದಾಟಿದ್ದರೆ ಕ್ರ್ಯಾಂಕ್ ಅದನ್ನು ಮಜ್ಜಿಗೆ ಕಡೆದ ಹಾಗೆ ಕಡೆದು ನೊರೆ ಮಾಡುತ್ತದೆ. ಆ ನೊರೆ ಬ್ರೀದರ್‌ನಲ್ಲಿ ಬರುತ್ತದೆ.

ಹಂತ 2: ನೀರಿನ ಮೀಟರ್ ಮಾಡಿಕೊಳ್ಳಿ

ಗಾರೆ ಕೆಲಸದವರು ಮಟ್ಟ ನೋಡಲು ಬಳಸುವ ಪಾರದರ್ಶಕ ಲೆವೆಲ್ ಪೈಪು ಗೊತ್ತಲ್ಲ, ಅದೇ ಸಾಕು. 6ರಿಂದ 8 ಮಿ.ಮೀ. ಒಳ ಅಳತೆಯದು ಆರು ಮೀಟರ್ ತನ್ನಿ. ಒಂದು ಮೀಟರ್ ಉದ್ದದ ಹಲಗೆಯ ಮೇಲೆ ಇಂಗ್ಲಿಷ್ ಯು ಅಕ್ಷರದ ಆಕಾರಕ್ಕೆ ಪೈಪನ್ನು ಕಟ್ಟಿ. ನಡುವೆ ಒಂದು ಅಳತೆ ಪಟ್ಟಿ ಅಂಟಿಸಿ. ಅರ್ಧ ಎತ್ತರದವರೆಗೆ ನೀರು ಹಾಕಿ, ಕಾಣಲು ಒಂದು ಹನಿ ಇಂಕು ಬಿಡಿ. ಒಂದು ತುದಿ ತೆರೆದಿರಲಿ. ಇನ್ನೊಂದು ತುದಿ ಎಂಜಿನ್‌ಗೆ.

ಎರಡು ಕಾಲುಗಳ ನೀರಿನ ಮಟ್ಟದ ವ್ಯತ್ಯಾಸವೇ ಒತ್ತಡ. ಒಂದು ಕಡೆ 50 ಇಳಿದು ಇನ್ನೊಂದು ಕಡೆ 50 ಏರಿದರೆ 100 ಮಿ.ಮೀ. ಎಂದರ್ಥ, ಅಂದರೆ ಸುಮಾರು 1 ಕಿಲೋಪ್ಯಾಸ್ಕಲ್. ಬೂಸ್ಟ್ ಮೀಟರಿನಲ್ಲಿ ಇಷ್ಟು ಸಣ್ಣ ಒತ್ತಡ ಕಾಣುವುದೇ ಇಲ್ಲ.

ಎಂಜಿನ್ ಕಡೆಯ ಜೋಡಣೆ ಎಲ್ಲಿ? ಡಿಪ್‌ಸ್ಟಿಕ್ ಕೊಳವೆಗೆ ಹಾಕಿ ಎಂದು ಕೆಲವರು ಹೇಳುತ್ತಾರೆ. ಕೆಲವು ಎಂಜಿನ್‌ಗಳಲ್ಲಿ ಆ ಕೊಳವೆಯ ತಳ ಆಯಿಲ್‌ನೊಳಗೇ ಮುಳುಗಿರುತ್ತದೆ. ಆಗ ಅಳತೆ ತಪ್ಪುತ್ತದೆ. ಇನ್ನೊಂದು ಆಯಿಲ್ ಕ್ಯಾಪ್ ಕೊಂಡು, ಅದಕ್ಕೆ ತೂತು ಕೊರೆಸಿ, ಪೈಪು ಸಿಕ್ಕಿಸುವ ಒಂದು ಸಣ್ಣ ನಿಪ್ಪಲ್ ಹಾಕಿಸಿಕೊಳ್ಳಿ. ಬೆಂಗಳೂರಿನ ಜೆ.ಸಿ. ರಸ್ತೆಯಲ್ಲಿ ಹಳೇ ಮಾರುತಿ ಕ್ಯಾಪ್ ಹುಡುಕುವುದು ಕಷ್ಟವಲ್ಲ.

ಮೂರು ಎಚ್ಚರಿಕೆ ಇವೆ. ಪೈಪಿನ ನಡುವೆ ಒಂದು ಖಾಲಿ ಬಾಟಲಿ ಕೂರಿಸಿ. ಎಳೆತ ಜಾಸ್ತಿಯಾದರೆ ನೀರು ಅದರಲ್ಲಿ ಬೀಳುತ್ತದೆ, ಎಂಜಿನ್‌ಗೆ ಹೋಗುವುದಿಲ್ಲ. ನೀರು ಕುಣಿಯುತ್ತಿದ್ದರೆ ಅಕ್ವೇರಿಯಂ ಅಂಗಡಿಯಲ್ಲಿ ಸಿಗುವ ಸಣ್ಣ ಗಾಳಿ ವಾಲ್ವ್ ಒಂದನ್ನು ದಾರಿಯಲ್ಲಿ ಹಾಕಿ, ಸ್ವಲ್ಪ ಬಿಗಿ ಮಾಡಿ. ಮೂರನೆಯದು ತುಂಬ ಜನ ಮರೆಯುವುದು: ಹಲಗೆಯನ್ನು ಗಾಡಿಯಲ್ಲಿ ಕಟ್ಟುವಾಗ ಎರಡು ಕಾಲುಗಳು ಎಡಬಲಕ್ಕೆ ಇರಬೇಕು, ಹಿಂದೆ ಮುಂದೆ ಇರಬಾರದು. ಹಿಂದೆ ಮುಂದೆ ಇದ್ದರೆ ಗಾಡಿ ವೇಗ ಹಿಡಿದಾಗ ನೀರು ತಾನೇ ಹಿಂದಕ್ಕೆ ವಾಲಿ ಸುಳ್ಳು ಅಳತೆ ಕೊಡುತ್ತದೆ.

ಈಗ ಏನನ್ನೂ ಬದಲಿಸುವ ಮೊದಲು ಒಮ್ಮೆ ಅಳೆಯಿರಿ. ಐಡ್ಲಿಂಗ್‌ನಲ್ಲಿ, 3,000 ಆರ್‌ಪಿಎಂನಲ್ಲಿ, ಮತ್ತು ಟ್ರ್ಯಾಕ್‌ನಲ್ಲೋ, ಗಾಡಿ ನಿಂತಲ್ಲೇ ಚಕ್ರ ಓಡಿಸುವ ಡೈನೋ ಮೇಲೋ ಮೂರನೇ ಗೇರಿನಲ್ಲಿ ಪೂರ್ತಿ ಬೂಸ್ಟ್‌ನಲ್ಲಿ. ಓಡಿಸುವವರು ಮೀಟರ್ ನೋಡಬಾರದು. ಪಕ್ಕದಲ್ಲಿ ಕೂತವರು ಮೊಬೈಲಿನಲ್ಲಿ ವಿಡಿಯೊ ತೆಗೆಯಲಿ. ನನ್ನ ಗಾಡಿಯಲ್ಲಿ ಮೊದಲ ದಿನ 0.4 ಬಾರ್‌ನಲ್ಲಿ 180 ಮಿ.ಮೀ. ಒತ್ತಡ ತೋರಿಸಿತು. ಹೊಗೆಗೆ ಕಾರಣ ಕಣ್ಣೆದುರೇ ಇತ್ತು.

ಹಂತ 3: ಎರಡು ದಾರಿ ಗೊತ್ತುಮಾಡಿಕೊಳ್ಳಿ

ಒಂದನೇ ದಾರಿ ಬೂಸ್ಟ್ ಇಲ್ಲದ ಹೊತ್ತಿನದು. ಟ್ಯಾಪೆಟ್ ಕವರ್‌ನಿಂದ ಪಿಸಿವಿ ವಾಲ್ವ್, ಅಲ್ಲಿಂದ ಒಮ್ಮುಖ ವಾಲ್ವ್, ಅಲ್ಲಿಂದ ಮ್ಯಾನಿಫೋಲ್ಡ್.

ಎರಡನೇ ದಾರಿ ಬೂಸ್ಟ್ ಹೊತ್ತಿನದು. ಟ್ಯಾಪೆಟ್ ಕವರ್‌ನ ಇನ್ನೊಂದು ಬಾಯಿಂದ ಕ್ಯಾಚ್ ಕ್ಯಾನ್, ಅಲ್ಲಿಂದ ಏರ್ ಫಿಲ್ಟರ್ ಮತ್ತು ಟರ್ಬೊ ಕಂಪ್ರೆಸರ್ ನಡುವಿನ ಪೈಪು. ಕಂಪ್ರೆಸರ್ ಗಾಳಿ ಎಳೆಯುತ್ತಿರುವಾಗ ಅಲ್ಲಿ ಸ್ವಲ್ಪ ಎಳೆತ ಸದಾ ಇರುತ್ತದೆ. ಬೂಸ್ಟ್ ಏರಿದಷ್ಟೂ ಆ ಎಳೆತವೂ ಏರುತ್ತದೆ. ನಮಗೆ ಬೇಕಾದಾಗಲೇ ಅದು ಜಾಸ್ತಿ ಸಿಗುತ್ತದೆ. ಬೂಸ್ಟ್ ಇಲ್ಲದಾಗ ಇದೇ ದಾರಿಯಲ್ಲಿ ಶುದ್ಧ ಗಾಳಿ ಉಲ್ಟಾ ಒಳಗೆ ಬರುತ್ತದೆ.

ಎಲ್ಲವನ್ನೂ ಕಿತ್ತು, ಟ್ಯಾಪೆಟ್ ಕವರ್ ಮೇಲೆ ಒಂದು ಪುಟ್ಟ ಫಿಲ್ಟರ್ ಕೂರಿಸಿ ಹೊರಗೆ ಬಿಡುವುದು ಸುಲಭ. ಬಹಳ ಜನ ಹಾಗೇ ಮಾಡುತ್ತಾರೆ. ನನಗೆ ಅದು ಒಪ್ಪಿಗೆಯಿಲ್ಲ. ಒತ್ತಡ ಇಳಿಯುತ್ತದೆ ನಿಜ. ಆದರೆ ಒಳಗೆ ಹೊಸ ಗಾಳಿ ಓಡಾಡುವುದು ನಿಂತು ನೀರಿನಂಶ ಆಯಿಲ್‌ನಲ್ಲೇ ಉಳಿಯುತ್ತದೆ. ಗಾಡಿ ನಿಂತಾಗ ಆ ವಾಸನೆ ಎಸಿ ಮೂಲಕ ಒಳಗೆ ಬಂದು ಮಕ್ಕಳಿಗೆ ತಲೆನೋವು. ಆಯಿಲ್ ಮಂಜು ಬಿಸಿ ಮ್ಯಾನಿಫೋಲ್ಡ್ ಮೇಲೆ ಕೂರುತ್ತದೆ. ಬಿಟ್ಟ ವಿಷಗಾಳಿಯನ್ನು ಪಕ್ಕದಲ್ಲಿರುವವರು ಕುಡಿಯುತ್ತಾರೆ.

ಸೈಲೆನ್ಸರ್ ಪೈಪಿಗೆ ಬ್ರೀದರ್ ಜೋಡಿಸುವ ರೇಸ್ ಪದ್ಧತಿಯೂ ಇದೆ. ತೆರೆದ ಎಕ್ಸಾಸ್ಟ್‌ಗೆ ಅದು ಸರಿ. ಕ್ಯಾಟಲಿಟಿಕ್ ಕನ್ವರ್ಟರ್ ಮತ್ತು ಮಫ್ಲರ್ ಇರುವ ಗಾಡಿಯಲ್ಲಿ ಅಲ್ಲಿ ಎಳೆತದ ಬದಲು ಒತ್ತಡವೇ ಇರುತ್ತದೆ. ಬೇಡ.

ಗಾಳಿ ಅಳೆಯುವ ಮಾಸ್ ಏರ್ ಫ್ಲೋ ಸೆನ್ಸರ್ ನಿಮ್ಮ ಎಂಜಿನ್‌ನಲ್ಲಿದ್ದರೆ ಎರಡನೇ ದಾರಿಯ ನಿಪ್ಪಲ್ ಆ ಸೆನ್ಸರ್ ದಾಟಿದ ಮೇಲೆಯೇ ಇರಬೇಕು. ಇಲ್ಲದಿದ್ದರೆ ಲೆಕ್ಕಕ್ಕೆ ಸಿಗದ ಗಾಳಿ ಒಳಗೆ ಹೋಗಿ ಐಡ್ಲಿಂಗ್ ಕೆಡುತ್ತದೆ, ಸೆನ್ಸರ್ ಮೇಲೂ ಆಯಿಲ್ ಕೂರುತ್ತದೆ. ಜಿ13ಬಿಬಿಯಂತೆ ಮ್ಯಾನಿಫೋಲ್ಡ್‌ನ ಒತ್ತಡ ಅಳೆಯುವ ಮ್ಯಾಪ್ ಸೆನ್ಸರ್ ಇದ್ದರೆ ಈ ಚಿಂತೆ ಇಲ್ಲ.

ಹಂತ 4: ಬೂಸ್ಟ್ ಒಳಗೆ ನುಗ್ಗದಂತೆ ತಡೆಯಿರಿ

ಪಿಸಿವಿ ವಾಲ್ವ್ ಕಳಚಿ ಅಲ್ಲಾಡಿಸಿ. ಗಲಗಲ ಸದ್ದು ಬರಬೇಕು. ಬರದಿದ್ದರೆ ಒಳಗಿನ ಗುಂಡು ಮಸಿ ಹಿಡಿದು ಅಂಟಿದೆ, ಹೊಸದು ಹಾಕಿ. ಇದು ಅಗ್ಗದ ವಸ್ತು, ಕಂಪನಿಯದೇ ಹಾಕಿ. ಇದನ್ನು ತೆಗೆದು ಬರೀ ಹೋಸು ಬಿಡಬೇಡಿ. ಐಡ್ಲಿಂಗ್‌ನಲ್ಲಿ ಎಳೆತ ಜೋರಾಗಿರುವಾಗ ದಾರಿ ಕಿರಿದು ಮಾಡುವುದು, ಎಳೆತ ಇಳಿದಾಗ ಅಗಲ ಮಾಡುವುದು ಈ ಸ್ಪ್ರಿಂಗ್ ವಾಲ್ವಿನ ಕೆಲಸ.

ಬೂಸ್ಟ್ ಬಂದಾಗ ಅದು ಮುಚ್ಚಿಕೊಳ್ಳುತ್ತದೆ, ಆದರೆ ಬಿಗಿಯಾಗಿ ಅಲ್ಲ. ಟರ್ಬೊ ಇಲ್ಲದ ಎಂಜಿನ್‌ನಲ್ಲಿ ಬ್ಯಾಕ್‌ಫೈರ್ ತಡೆದರೆ ಅದಕ್ಕೆ ಸಾಕಿತ್ತು. ಹಾಗಾಗಿ ಅದಕ್ಕೂ ಮ್ಯಾನಿಫೋಲ್ಡಿಗೂ ನಡುವೆ ಒಂದು ನಾನ್-ರಿಟರ್ನ್ ವಾಲ್ವ್, ಅಂದರೆ ಮೊದಲು ಹೇಳಿದ ಒಮ್ಮುಖ ವಾಲ್ವ್, ಬೇಕು. ಬ್ರೇಕ್ ಬೂಸ್ಟರ್ ಹೋಸಿನಲ್ಲಿ ಬರುವ ವಾಲ್ವ್ ಚೆನ್ನಾಗಿ ಒಗ್ಗುತ್ತದೆ, ಎಲ್ಲ ಕಡೆ ಸಿಗುತ್ತದೆ. ಬಾಣದ ಗುರುತು ಮ್ಯಾನಿಫೋಲ್ಡ್ ಕಡೆಗಿರಲಿ. ಆಯಿಲ್ ಆವಿಗೆ ಅದರ ರಬ್ಬರ್ ನಿಧಾನವಾಗಿ ಹಾಳಾಗುತ್ತದೆ. ವರ್ಷಕ್ಕೊಮ್ಮೆ ಬದಲಿಸುವುದು ನನ್ನ ಅಭ್ಯಾಸ.

ಹಾಕುವ ಮುನ್ನ ಪರೀಕ್ಷಿಸಿ. ಒಂದು ಕಡೆಯಿಂದ ಊದಿದರೆ ಸಲೀಸಾಗಿ ಹೋಗಬೇಕು. ಇನ್ನೊಂದು ಕಡೆಯಿಂದ ಗೇಜ್ ಇರುವ ಸೈಕಲ್ ಪಂಪಿನಲ್ಲಿ 0.5 ಬಾರ್ ಕೊಟ್ಟು, ಇನ್ನೊಂದು ಬಾಯಿಗೆ ಸಾಬೂನು ನೀರು ಸವರಿ. ಗುಳ್ಳೆ ಏಳಬಾರದು.

ಒಂದು ಮಾತು ಗಟ್ಟಿಯಾಗಿ ಹೇಳುತ್ತೇನೆ. ಈ ಹೋಸನ್ನು ಬ್ರೇಕ್ ಬೂಸ್ಟರ್ ಹೋಸಿಗೆ ಟಿ ಹಾಕಿ ಸೇರಿಸಬೇಡಿ. ಆಯಿಲ್ ಆವಿ ಬ್ರೇಕ್ ಬೂಸ್ಟರ್‌ನ ರಬ್ಬರ್ ಪರದೆಗೆ ಹೋದರೆ ಬ್ರೇಕೇ ಕೈಕೊಡಬಹುದು. ಮ್ಯಾನಿಫೋಲ್ಡ್‌ನಲ್ಲಿ ಬೇರೆ ಬಾಯಿ ಇಲ್ಲದಿದ್ದರೆ ಹೊಸದು ಕೊರೆಸಿ.

ನನ್ನ ಗಾಡಿಯಲ್ಲಿ ಈ ಒಂದು ವಾಲ್ವ್ ಹಾಕಿದ್ದಕ್ಕೇ 180 ಇದ್ದದ್ದು 110ಕ್ಕೆ ಇಳಿಯಿತು. ಅಂದರೆ ಒತ್ತಡದ ಮೂರನೇ ಒಂದಕ್ಕಿಂತ ಹೆಚ್ಚು ಪಾಲು ರಿಂಗಿನಿಂದಲ್ಲ, ಬೂಸ್ಟೇ ಹಿಂಬಾಗಿಲಿನಿಂದ ನುಗ್ಗುತ್ತಿತ್ತು.

ಹಂತ 5: ಬ್ರೀದರ್ ದಾರಿ ಅಗಲ ಮಾಡಿ

10 ಮಿ.ಮೀ. ಹೋಸಿನ ಒಳ ಬಾಯಿ ಸುಮಾರು 79 ಚದರ ಮಿ.ಮೀ. ಇರುತ್ತದೆ. 19 ಮಿ.ಮೀ. ಹೋಸಿನದು ಸುಮಾರು 284. ಮೂರೂವರೆ ಪಟ್ಟು ಜಾಸ್ತಿ. 1.3ರಿಂದ 1.6 ಲೀಟರ್ ಎಂಜಿನ್ನಿಗೆ, 0.5 ಬಾರ್‌ವರೆಗೆ, 19 ಮಿ.ಮೀ. ಹಾಕಿದರೆ ನೆಮ್ಮದಿ. ಜಾಗ ಇಲ್ಲದಿದ್ದರೆ 16.

ಹೋಸು ಅಗಲ ಮಾಡಿ ನಿಪ್ಪಲ್ ಹಳೆಯದೇ ಬಿಟ್ಟರೆ ಪ್ರಯೋಜನವಿಲ್ಲ. ಇಡೀ ದಾರಿಯಲ್ಲಿ ಎಲ್ಲಿ ಕಿರಿದೋ ಅದೇ ದಾರಿಯ ಅಗಲ. ಟ್ಯಾಪೆಟ್ ಕವರ್ ಇಳಿಸಿ ಲೇತ್ ಅಂಗಡಿಗೆ ಒಯ್ಯಿರಿ. ಅಲ್ಯೂಮಿನಿಯಂ ಕವರ್ ಆದರೆ ಹೊಸ ನಿಪ್ಪಲ್ ವೆಲ್ಡ್ ಮಾಡಿಸಬಹುದು.

ಕವರ್ ಕೈಯಲ್ಲಿರುವಾಗ ತಿರುಗಿಸಿ ನೋಡಿ. ಬ್ರೀದರ್ ಬಾಯಿಯ ಒಳಗಡೆ ತಗಡಿನ ಒಂದು ಅಡ್ಡಗೋಡೆ ಇರುತ್ತದೆ. ಕ್ಯಾಮ್ ಎರಚುವ ಆಯಿಲ್ ಸೀದಾ ಹೋಸಿಗೆ ಹೋಗದಂತೆ ತಡೆಯುವುದು ಅದೇ. ಎಷ್ಟೋ ಹಳೇ ಎಂಜಿನ್‌ಗಳಲ್ಲಿ ಅದರ ಹಿಂದೆ ಕಪ್ಪು ಗಸಿ ಕಟ್ಟಿ ದಾರಿ ಅರ್ಧ ಮುಚ್ಚಿರುತ್ತದೆ. ಸೀಮೆಎಣ್ಣೆಯಲ್ಲೋ ಡೀಸೆಲ್‌ನಲ್ಲೋ ಒಂದು ರಾತ್ರಿ ನೆನೆಹಾಕಿ, ಬ್ರಷ್‌ನಲ್ಲಿ ತಿಕ್ಕಿ, ಗಾಳಿ ಹೊಡೆದು ಒಣಗಿಸಿ. ಹೊಸ ಬಾಯಿ ತೆಗೆಸಿದರೆ ಅದೂ ಈ ಅಡ್ಡಗೋಡೆಯ ಹಿಂದೆಯೇ ಇರಲಿ. ವೆಲ್ಡಿಂಗ್ ಆದಮೇಲೆ ಕವರನ್ನು ಎರಡು ಸಲ ತೊಳೆಯಿರಿ. ಒಂದು ಚೂರು ಲೋಹ ಉಳಿದರೂ ಅದು ಬೇರಿಂಗಿಗೆ ಹೋಗುತ್ತದೆ.

ಹೋಸಿನ ಆಯ್ಕೆಯಲ್ಲಿ ಅಗ್ಗಕ್ಕೆ ಮರುಳಾಗಬೇಡಿ. ರೇಡಿಯೇಟರ್ ಹೋಸಿನ ರಬ್ಬರ್ ಆಯಿಲ್ ಕುಡಿದು ಊದಿಕೊಳ್ಳುತ್ತದೆ. ಬಣ್ಣಬಣ್ಣದ ಸಾಮಾನ್ಯ ಸಿಲಿಕೋನ್ ಹೋಸೂ ಆಯಿಲ್‌ಗೆ ಒಳ್ಳೆಯದಲ್ಲ, ಬೆವರಿದಂತೆ ಹೊರಗೆ ಜಿನುಗುತ್ತದೆ. ಪೆಟ್ರೋಲ್, ಆಯಿಲ್ ತಡೆಯುವ ನೈಟ್ರೈಲ್ ರಬ್ಬರ್ ಹೋಸು ಕೇಳಿ. ಒಳಗೆ ನೂಲಿನ ಹೆಣಿಗೆ ಇರಲಿ, ಎಳೆತಕ್ಕೆ ಚಪ್ಪಟೆಯಾಗುವುದಿಲ್ಲ. ಎಕ್ಸಾಸ್ಟ್ ಮ್ಯಾನಿಫೋಲ್ಡ್‌ನಿಂದ ಕನಿಷ್ಠ ಒಂದು ಗೇಣು ದೂರ ಇಟ್ಟು, ಅಷ್ಟು ಜಾಗ ಇಲ್ಲದ ಕಡೆ ಶಾಖ ತಡೆಯುವ ತೋಳು ಹಾಕಿ. ತಗ್ಗುದಿಬ್ಬ ಬೇಡ. ಹೋಸು ನಡುವೆ ಜೋತುಬಿದ್ದರೆ ಅಲ್ಲಿ ಆಯಿಲ್ ನಿಂತು ಗಾಳಿಯ ದಾರಿ ಕಟ್ಟುತ್ತದೆ.

ಟರ್ಬೊ ಮುಂದಿನ ಪೈಪಿಗೆ ಹಾಕುವ ನಿಪ್ಪಲ್ಲಿನ ತುದಿಯನ್ನು 45 ಡಿಗ್ರಿ ಓರೆಯಾಗಿ ಕತ್ತರಿಸಿ, ತೆರೆದ ಮುಖ ಗಾಳಿ ಹರಿಯುವ ದಿಕ್ಕಿಗೆ, ಅಂದರೆ ಟರ್ಬೊ ಕಡೆಗೆ ಇರುವಂತೆ, ಪೈಪಿನೊಳಗೆ ಸ್ವಲ್ಪ ಚಾಚಿಸಿ. ಎಳೆತ ಸ್ವಲ್ಪ ಹೆಚ್ಚುತ್ತದೆ. ಇದನ್ನು ವೆಲ್ಡ್ ಮಾಡಿಸಬೇಕು. ಅಂಟಿನಲ್ಲಿ ಕೂರಿಸಿದ್ದು ಕಳಚಿದರೆ ಅದು ಹೋಗುವುದು ನಿಮಿಷಕ್ಕೆ ಲಕ್ಷ ಸುತ್ತು ತಿರುಗುವ ಕಂಪ್ರೆಸರ್‌ನೊಳಗೆ.

ಹಂತ 6: ಕ್ಯಾಚ್ ಕ್ಯಾನ್

ಕ್ಯಾನ್ ಯಾಕೆ ಬೇಕು? ಆಯಿಲ್ ಆವಿ ಪೆಟ್ರೋಲಿನ ಜೊತೆ ಉರಿದರೆ ಅದರ ಆಕ್ಟೇನ್ (ತಾನಾಗಿ ಸಿಡಿಯದೆ ತಾಳುವ ಗುಣ) ಕುಗ್ಗಿ ನಾಕಿಂಗ್, ಅಂದರೆ ಪೆಟ್ರೋಲ್ ತಾನಾಗಿ ಸಿಡಿಯುವುದು, ಹತ್ತಿರವಾಗುತ್ತದೆ. ಬೂಸ್ಟ್ ಇರುವ ಎಂಜಿನ್ನಿಗೆ ನಾಕಿಂಗ್ ಎಂದರೆ ಪಿಸ್ಟನ್ ಒಡೆಯುವ ಮಾತು. ಟರ್ಬೊದಿಂದ ಬರುವ ಬಿಸಿ ಗಾಳಿ ತಣಿಸುವ ಇಂಟರ್‌ಕೂಲರ್ ಒಳಗೆ ಆಯಿಲ್ ಮೆತ್ತಿದರೆ ಅದು ತಂಪು ಮಾಡುವುದೂ ಕಡಿಮೆ.

ಅರ್ಧದಿಂದ ಒಂದು ಲೀಟರ್ ಹಿಡಿಯುವ ಕ್ಯಾನ್ ಸಾಕು. ಕೊಳ್ಳುವಾಗ ಮುಚ್ಚಳ ಬಿಚ್ಚಿಸಿ ನೋಡಿ. ಒಳಗೆ ಬರೀ ಖಾಲಿ ಡಬ್ಬಿ ಇದ್ದರೆ ಬಿಟ್ಟುಬಿಡಿ. ಗಾಳಿ ಪಕ್ಕದಿಂದ ಬಂದು, ಅಡ್ಡತಗಡಿಗೆ ತಾಗಿ, ದಿಕ್ಕು ಬದಲಿಸಿ, ಮೇಲಿನಿಂದ ಹೊರಗೆ ಹೋಗಬೇಕು. ತಿರುಗುವಾಗಲೇ ಭಾರವಾದ ಹನಿಗಳು ಗೋಡೆಗೆ ಅಂಟಿ ಕೆಳಗಿಳಿಯುವುದು. ಬಾಯಿಗಳು 19 ಮಿ.ಮೀ. ಇರಲಿ. ಮೊದಲೇ ಹೇಳಿದ ಹಾಗೆ, ಇಲ್ಲಿ ಕಿರಿದಾದರೆ ಹಿಂದಿನ ಕೆಲಸ ಅಷ್ಟೂ ವ್ಯರ್ಥ.

ಹನಿ ಹಿಡಿಯಲು ಪಾತ್ರೆ ತಿಕ್ಕುವ ಸ್ಟೀಲ್ ಸ್ಕ್ರಬ್ಬರ್ ತುರುಕುವವರಿದ್ದಾರೆ. ಕೆಲಸ ಮಾಡುತ್ತದೆ. ಆದರೆ ಅದರ ಎಳೆ ಕಳಚಿ ಟರ್ಬೊಗೆ ಹೋಗಬಹುದು. ಹಾಕಲೇಬೇಕೆಂದರೆ ತುಕ್ಕು ಹಿಡಿಯದ್ದನ್ನೇ ತಂದು, ಮೇಲೆ ಕೆಳಗೆ ತೂತಿನ ತಗಡು ಕೂರಿಸಿ, ರಿವೆಟ್ ಹೊಡೆಸಿ. ಸಡಿಲ ಬಿಡಬೇಡಿ, ಗಿಡಿದು ತುಂಬಲೂಬೇಡಿ.

ಕ್ಯಾನ್ ತಂಪಾದ ಜಾಗದಲ್ಲಿರಲಿ, ಟರ್ಬೊದಿಂದ ದೂರ, ಗಾಳಿ ಬೀಸುವ ಕಡೆ. ತಂಪಾದಷ್ಟೂ ಆವಿ ಹನಿಯಾಗುತ್ತದೆ. ಬಾಡಿಗೆ ಬೋಲ್ಟ್ ಮಾಡಿ, ಎಂಜಿನ್‌ಗೆ ಬೇಡ, ಅಲುಗಾಟಕ್ಕೆ ವೆಲ್ಡ್ ಬಿರಿಯುತ್ತದೆ. ಕೆಳಗೆ ಒಂದು ಸಣ್ಣ ಕೊಳಾಯಿ ವಾಲ್ವ್ ಇರಲಿ.

ಹಂತ 7: ಟರ್ಬೊ ಡ್ರೈನ್ ಮತ್ತೊಮ್ಮೆ ನೋಡಿ

ಡ್ರೈನ್ ಪೈಪು ಒಳ ಅಳತೆ 16 ಮಿ.ಮೀ.ಗಿಂತ ಕಡಿಮೆ ಬೇಡ. ಟರ್ಬೊದಿಂದ ಹೊರಬರುವಾಗ ಆಯಿಲ್ ನೊರೆಯಾಗಿರುತ್ತದೆ, ಅದಕ್ಕೆ ಜಾಗ ಬೇಕು. ಆದಷ್ಟು ನೆಟ್ಟಗೆ ಕೆಳಗಿಳಿಯಲಿ, ಎಲ್ಲೂ ಮೇಲೇರಬಾರದು. ಚೇಂಬರ್‌ಗೆ ಸೇರುವ ಜಾಗ ಆಯಿಲ್ ಮಟ್ಟಕ್ಕಿಂತ ಮೇಲಿರಬೇಕು. ಮಟ್ಟದ ಕೆಳಗೆ ಸೇರಿಸಿದರೆ ಬ್ರೀದರ್ ಎಷ್ಟೇ ಚೆನ್ನಾಗಿದ್ದರೂ ಹೊಗೆ ನಿಲ್ಲುವುದಿಲ್ಲ.

ಹಂತ 8: ಮತ್ತೆ ಅಳೆಯಿರಿ

ಐಡ್ಲಿಂಗ್‌ನಲ್ಲಿ ಸ್ವಲ್ಪ ಎಳೆತ ಕಾಣಬೇಕು. ಮೀಟರ್ ಇಲ್ಲದೆಯೂ ನೋಡಬಹುದು: ಆಯಿಲ್ ಕ್ಯಾಪ್ ತೆಗೆದು ಬಾಯಿ ಮೇಲೆ ಒಂದು ತುಂಡು ಕಾಗದ ಇಡಿ, ಅದು ಒಳಕ್ಕೆ ಹೀರಿ ಅಂಟಿಕೊಳ್ಳಬೇಕು. ದೊಡ್ಡ ತುಂಡೇ ಇಡಿ, ಇಲ್ಲದಿದ್ದರೆ ಒಳಗೆ ಬಿದ್ದೀತು.

ಪೂರ್ತಿ ಬೂಸ್ಟ್‌ನಲ್ಲಿ ನಾನು ಇಟ್ಟುಕೊಂಡ ಮಿತಿ ಹೀಗಿದೆ. ಸೊನ್ನೆಯ ಆಸುಪಾಸು ಅಥವಾ ಸ್ವಲ್ಪ ಎಳೆತ ಇದ್ದರೆ ಬಹಳ ಚೆನ್ನ. 50 ಮಿ.ಮೀ. ಒತ್ತಡದವರೆಗೆ ನಡೆಯುತ್ತದೆ. 100 ದಾಟಿದರೆ ದಾರಿ ಎಲ್ಲೋ ಕಿರಿದಾಗಿದೆ, ಹುಡುಕಿ. 250 ದಾಟಿದರೆ ಗಾಡಿ ಅಲ್ಲೇ ನಿಲ್ಲಿಸಿ, ಕ್ರ್ಯಾಂಕ್ ಸೀಲ್ ಹೊರಬರುವ ಮುನ್ನ.

ಎಲ್ಲಿ ಕಿರಿದು ಎಂದು ಹುಡುಕಲು ಸುಲಭ ಉಪಾಯವಿದೆ. ಎರಡನೇ ದಾರಿಯ ಹೋಸನ್ನು ಟರ್ಬೊ ಪೈಪಿನ ಕಡೆ ಕಳಚಿ, ನಿಪ್ಪಲ್ ಮುಚ್ಚಿ, ಹೋಸಿನ ತುದಿಯನ್ನು ಒಂದು ಬಾಟಲಿಗೆ ಬಿಟ್ಟು ಟ್ರ್ಯಾಕ್‌ನಲ್ಲಿ ಒಂದೇ ಸುತ್ತು ಅಳೆಯಿರಿ. ಬಾಟಲಿಯ ಬಾಯಿ ತೆರೆದೇ ಇರಲಿ. ಒತ್ತಡ ತಟ್ಟನೆ ಇಳಿದರೆ ತೊಂದರೆ ನಿಪ್ಪಲ್‌ನಲ್ಲಿ. ಇಳಿಯದಿದ್ದರೆ ಕ್ಯಾನ್ ಬಿಟ್ಟು ಟ್ಯಾಪೆಟ್ ಕವರ್‌ನಿಂದ ಸೀದಾ ಬಾಟಲಿಗೆ ಹೋಸು ಹಾಕಿ ಅಳೆಯಿರಿ. ಈಗ ಇಳಿದರೆ ಕ್ಯಾನ್ ತಪ್ಪು. ಈಗಲೂ ಇಳಿಯದಿದ್ದರೆ ಅಡ್ಡಗೋಡೆ ಕಟ್ಟಿದೆ, ಅಥವಾ ನಾನ್-ರಿಟರ್ನ್ ವಾಲ್ವ್ ಸೋರುತ್ತಿದೆ, ಅಥವಾ ರಿಂಗು. ಈ ಮೂರರಲ್ಲಿ ವಾಲ್ವನ್ನು ಮೊದಲು ನೋಡಿ, ಐದು ನಿಮಿಷದ ಕೆಲಸ.

ಎಲ್ಲ ಮುಗಿದ ಮೇಲೆ ನನ್ನ ಜಿಪ್ಸಿಯಲ್ಲಿ 0.4 ಬಾರ್‌ಗೆ 15 ಮಿ.ಮೀ. ಬಂತು. ಅದೇ ಟರ್ಬೊ, ಅದೇ ಸೀಲ್. ಹೊಗೆ ನಿಂತಿತು.

ಆಮೇಲೆ ನೋಡಿಕೊಳ್ಳುವುದು

ಮೊದಲ ತಿಂಗಳು 500 ಕಿ.ಮೀ.ಗೊಮ್ಮೆ ಕ್ಯಾನ್ ಖಾಲಿ ಮಾಡಿ, ಎಷ್ಟು ಬಂತೆಂದು ಬರೆದಿಡಿ. ನಿಮ್ಮ ಎಂಜಿನ್ನಿನ ವಾಡಿಕೆ ಗೊತ್ತಾಗುತ್ತದೆ. ಮುಂದೆ ಅದು ಇದ್ದಕ್ಕಿದ್ದಂತೆ ದುಪ್ಪಟ್ಟಾದರೆ ರಿಂಗೋ ಆಯಿಲ್ ಮಟ್ಟವೋ ಕೆಟ್ಟಿದೆ ಎಂದರ್ಥ.

ಮಳೆಗಾಲದಲ್ಲಿ, ಅದರಲ್ಲೂ ಮಡಿಕೇರಿ, ಆಗುಂಬೆ ಕಡೆ ಸಣ್ಣ ಸಣ್ಣ ಓಡಾಟ ಮಾಡಿದರೆ ಕ್ಯಾನಿನಲ್ಲಿ ಹಾಲು ಹೆಚ್ಚಾದ ಕಾಫಿಯ ಬಣ್ಣದ ಲೋಳೆ ಸಿಗುತ್ತದೆ. ಅದು ನೀರು, ಆಯಿಲ್ ಬೆರೆತದ್ದು. ಎಂಜಿನ್ ಪೂರ್ತಿ ಬಿಸಿಯಾಗುವಷ್ಟು ಓಡಿಸಿದರೆ ಕಡಿಮೆಯಾಗುತ್ತದೆ. ಕೂಲೆಂಟ್ ಕೂಡ ಇಳಿಯುತ್ತಿದ್ದರೆ ಮಾತ್ರ ಹೆಡ್ ಗ್ಯಾಸ್ಕೆಟ್ ನೋಡಿಸಿ.

ಕ್ಯಾನಿನ ಆಯಿಲನ್ನು ಮತ್ತೆ ಎಂಜಿನ್‌ಗೆ ಸುರಿಯಬೇಡಿ. ಅದರಲ್ಲಿ ಪೆಟ್ರೋಲ್, ನೀರು ಎರಡೂ ಇವೆ. ಚರಂಡಿಗೂ ಬೇಡ, ಹಳೇ ಆಯಿಲ್ ಸಂಗ್ರಹಿಸುವವರಿಗೆ ಕೊಡಿ. ತೆಗೆಯುವಾಗ ಎಂಜಿನ್ ತಣ್ಣಗಿರಲಿ, ಹತ್ತಿರದಲ್ಲಿ ಬೆಂಕಿ ಬೇಡ, ಕೈಗೆ ಗ್ಲೌಸ್ ಇರಲಿ. ನೀರಿನ ಹಲಗೆಯನ್ನು ಬಿಸಾಡಬೇಡಿ. ಆಯಿಲ್ ಬದಲಿಸುವಾಗಲೆಲ್ಲ ಐಡ್ಲಿಂಗ್ ಮತ್ತು 3,000ದ ಅಳತೆ ತೆಗೆದು, ಅದೇ ಪುಸ್ತಕದಲ್ಲಿ ದಿನಾಂಕದ ಜೊತೆ ಬರೆದಿಡಿ.